ಯಾರೂ ಓದದ ಎಂಟು ಬೈಟು

ನಮ್ಮಣ್ಣನ ಕೋಣೆಯ ಕಂಪ್ಯೂಟರನ್ನು ಹನ್ನೊಂದು ವರ್ಷಗಳಿಂದ ಯಾರೂ ಆರಿಸಿರಲಿಲ್ಲ. ಸಂಜೆ ಅಣ್ಣ ಅದನ್ನು ಮಲಗಿಸುತ್ತಿದ್ದ, ಬೆಳಿಗ್ಗೆ ಎಬ್ಬಿಸುತ್ತಿದ್ದ. ರಜೆಯ ದಿನಗಳಲ್ಲಿ ಅದು ಮಲಗಿಯೇ ಇರುತ್ತಿತ್ತು.

“ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನನ್ನ ಒಂದು ದಿನ ಪ್ರೀತಿಯಿಂದ ಎಬ್ಬಿಸಿದವರಲ್ಲ. ಆ ಡಬ್ಬಕ್ಕೆ ಮಾತ್ರ ‘ಏಳಮ್ಮಾ, ಎದ್ದೇಳು’ ಅಂತಾರಂತೆ,” ಎಂದು ಅತ್ತಿಗೆ ಹೇಳುತ್ತಿದ್ದರು.

“ಅದು ಎದ್ದ ತಕ್ಷಣ ಬೈಯಲ್ಲ,” ಎನ್ನುತ್ತಿದ್ದ ಅಣ್ಣ.

ಅಣ್ಣ ಕೃತಕ ಕಾಲು ಮಾಡುವವನು. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಆಮ್ಲಜನಕದ ಸಿಲಿಂಡರ್ ಇಡುವ ಕೋಣೆಗೂ ನಡುವೆ ಅವನ ಕಾರ್ಯಾಗಾರ. ಕಾಲು ಕಳೆದುಕೊಂಡವರಿಗೆ ಉಳಿದಿರುವ ಕಾಲಿನ ತುದಿ ಕೂರುವ ಒಂದು ಬಟ್ಟಲು ಬೇಕು. ಸಾಕೆಟ್ ಅನ್ನುತ್ತಾರೆ. ಅದು ಸರಿಯಾಗಿ ಕೂತರೆ ಮನುಷ್ಯ ನಡೆಯುತ್ತಾನೆ, ಒಂದು ಅಕ್ಕಿಕಾಳಿನಷ್ಟು ತಪ್ಪಿದರೂ ಹುಣ್ಣಾಗುತ್ತದೆ. ಮೊದಲು ಅಣ್ಣ ಪ್ಲಾಸ್ಟರ್ ಹಾಕಿ, ಕೈಯಲ್ಲೇ ತೀಡಿ ಅಚ್ಚು ಮಾಡುತ್ತಿದ್ದ. ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಔಷಧಿಯಿಂದ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆಗಿನಿಂದ ಅವನಿಗೆ ಕೈಯಾಗಿದ್ದದ್ದು ಆ ಹಳೆಯ ಕಂಪ್ಯೂಟರ್ ಮತ್ತು ಅದಕ್ಕೆ ಕಟ್ಟಿದ ಕೊರೆಯುವ ಯಂತ್ರ. ಅಳತೆ ಕೋಲನ್ನು ರೋಗಿಯ ಕಾಲಿನ ಸುತ್ತ ಆಡಿಸಿದರೆ ಪರದೆಯ ಮೇಲೆ ಆಕಾರ ಮೂಡುತ್ತದೆ. ಎಲ್ಲಿ ಮೂಳೆ ಒತ್ತುತ್ತದೋ ಅಲ್ಲಿ ಅಣ್ಣ ಕೀಲಿ ಒತ್ತಿ ಜಾಗ ಬಿಡುತ್ತಾನೆ. ಆಮೇಲೆ ‘ಕೊರೆ’ ಎಂದರೆ ಯಂತ್ರ ಫೋಮಿನ ದಿಮ್ಮಿಯನ್ನು ಕೊರೆದು ಅಚ್ಚು ಕೊಡುತ್ತದೆ. ಕೀಲಿ ಒತ್ತುವುದಕ್ಕೆ ಕೈ ನಡುಗಿದರೂ ನಡೆಯುತ್ತದೆ. ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆಯಲು ಪಕ್ಕದ ಲಾಂಡ್ರಿಯವನು ಬಂದು ನಿಲ್ಲುತ್ತಿದ್ದ.

ಮುನ್ನೂರ ಹನ್ನೆರಡು ಜನರ ಕಾಲು ಅದರೊಳಗಿತ್ತು. ಆಸ್ಪತ್ರೆಯ ಆಡಳಿತಾಧಿಕಾರಿಗೆ ಆ ಕೋಣೆ ಖಾಲಿಯಾದರೆ ಸಾಕಾಗಿತ್ತು. “ನಡೆಯೋವರೆಗೂ ನಡೀಲಿ. ಯಂತ್ರ ನಿಂತ ದಿನ ಬೀಗ. ಹೊಸದಂತೂ ತರಿಸಲ್ಲ,” ಎಂದು ಅಣ್ಣನಿಗೆ ಮುಖಕ್ಕೇ ಹೇಳಿದ್ದರು. ಅಲ್ಲಿ ಬೀಗ ಬಿದ್ದರೆ ಆ ಜನ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಬೇರೆ ಊರಿಗೆ ಹೋಗಬೇಕಿತ್ತು. ಅಣ್ಣನಂತೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಕೈ ನಡುಗುವವನನ್ನು ಯಾರು ಕರೆಯುತ್ತಾರೆ?

ಮಲಗಿಸುವ ಉಪಾಯ ನನ್ನದು. ನಾನು ಕೆಲಸ ಮಾಡುವ ಕಂಪನಿ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಇರಿಸುವ ತಂತ್ರಾಂಶ ಮಾಡುತ್ತದೆ. ಒಳಗಿರುವುದು ನಿಜವಾದ ಯಂತ್ರವಲ್ಲ, ಯಂತ್ರದ ಸೋಗು. ಆದರೆ ಅದರಲ್ಲಿ ಓಡುವ ಪ್ರೋಗ್ರಾಮುಗಳಿಗೆ ಅದು ಗೊತ್ತಾಗುವುದಿಲ್ಲ. ಅಣ್ಣನ ಹಳೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿದ್ದಾಗ ನಾನು ಅದರ ಡಿಸ್ಕನ್ನು ನಕಲು ಮಾಡಿ ಇಂಥ ಸೋಗಿನ ಯಂತ್ರದೊಳಗೆ ಕೂರಿಸಿದೆ. ತೊಂದರೆ ಇದ್ದದ್ದು ಬೀಗದಲ್ಲಿ. ಆ ಪ್ರೋಗ್ರಾಮಿಗೆ ಒಂದು ಬೀಗವಿತ್ತು. ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಪ್ರಿಂಟರ್ ಚುಚ್ಚುವ ಪೋರ್ಟಿಗೆ ಸಿಕ್ಕಿಸಬೇಕು. ಪ್ರೋಗ್ರಾಮ್ ತೆರೆಯುವಾಗ ಬೀಗಕ್ಕೆ ಒಂದು ಪ್ರಶ್ನೆ ಕೇಳುತ್ತದೆ, ಬೀಗ ಉತ್ತರ ಕೊಟ್ಟರೆ ಮಾತ್ರ ತೆರೆದುಕೊಳ್ಳುತ್ತದೆ. ಬೀಗ ಬಿರುಕು ಬಿಟ್ಟಿತ್ತು, ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಆ ದಿನ ಅಣ್ಣ ಮೇಜಿನ ಕೆಳಗೆ ತೂರಿ ಬೀಗವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

“ಆಯ್ತಾ?”

“ಇನ್ನೂ ಇಲ್ಲ. ಅಲ್ಲಾಡಿಸಬೇಡ.”

“ಅಲ್ಲಾಡಿಸಬೇಡ ಅಂತ ನನಗೆ ಹೇಳ್ತೀಯಲ್ಲೇ ಪುಟ್ಟಿ! ನನ್ನ ಕೈಗೆ ಹೇಳು.”

ಒಂದೇ ಒಂದು ಸಲ ತೆರೆಯಿತು. ನಾನು ತಡಮಾಡದೆ ಆ ಸೋಗಿನ ಯಂತ್ರವನ್ನು ಹಾಗೆಯೇ ಮಲಗಿಸಿದೆ. ಮಲಗಿಸುವುದೆಂದರೆ ಆ ಕ್ಷಣದಲ್ಲಿ ಅದರ ಒಳಗೆ ಏನೇನು ಹೇಗಿದೆಯೋ ಅದೆಲ್ಲವನ್ನೂ ಒಂದು ಕಡತದಲ್ಲಿ ಬರೆದಿಡುವುದು. ಎಬ್ಬಿಸಿದಾಗ ಅದಕ್ಕೆ ತಾನು ಮಲಗಿದ್ದೇ ಗೊತ್ತಿರುವುದಿಲ್ಲ. ಮುಂದಿನ ವಾರ ಬೀಗ ಎರಡು ಹೋಳಾಯಿತು. ಆದರೆ ಪ್ರೋಗ್ರಾಮ್ ತೆರೆದೇ ಇತ್ತು. ಮುಚ್ಚಿದರೆ ಮತ್ತೆ ತೆರೆಯಲಾಗದು. ಹಾಗಾಗಿ ಮುಚ್ಚಲೇ ಇಲ್ಲ.

ಅದಕ್ಕೆ ಹಾಕಿದ್ದು ನಮ್ಮ ಕಂಪನಿ ನೌಕರರಿಗೆ ಮನೆ ಬಳಕೆಗೆಂದು ಕೊಡುವ ಪ್ರತಿ. ಹೊಸ ಆವೃತ್ತಿ ಬಂದ ತೊಂಬತ್ತು ದಿನಕ್ಕೆ ಹಳೆಯದು ತಾನಾಗಿಯೇ ನಿಂತುಬಿಡುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಬಳಸುವಂತೆಯೇ ಇಲ್ಲ. ಹನ್ನೊಂದು ವರ್ಷ ಪ್ರತಿ ಹೊಸ ಆವೃತ್ತಿ ಬಂದಾಗಲೂ ನಾನೇ ಹೋಗಿ ಹಾಕಿ ಬರುತ್ತಿದ್ದೆ. ಹೋಗಿಬರುವಾಗಲೆಲ್ಲ ಆಸ್ಪತ್ರೆಯ ಗೇಟಿನಲ್ಲಿ ಯಾರಾದರೂ ನನ್ನ ಚೀಲ ತೆರೆಸುತ್ತಾರೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆಯೂ ಯಾರೂ ಕೇಳಲಿಲ್ಲ. ಆದರೂ ಭಯ ಹೋಗಲಿಲ್ಲ.

ಕಚೇರಿಯಲ್ಲಿ ನನಗೆ ಪೊರಕೆ ಅಂತ ಅಡ್ಡಹೆಸರು. ಬಳಕೆಯಲ್ಲಿಲ್ಲದ ಕೋಡನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಬೆಳೆದ ತಂತ್ರಾಂಶದಲ್ಲಿ ಯಾರೋ ಯಾವಾಗಲೋ ಯಾತಕ್ಕೋ ಬರೆದಿಟ್ಟ ಮೂಲೆಗಳು ಎಷ್ಟೋ ಇರುತ್ತವೆ. ಯಾರೂ ಮಾರದ ಸೌಂಡ್ ಕಾರ್ಡುಗಳ ಸೋಗು, ಯಾರೂ ನೆನಪಿಡದ ಡಿಸ್ಕುಗಳ ಸೋಗು. ಅವನ್ನು ಇಟ್ಟುಕೊಂಡಷ್ಟೂ ಕಳ್ಳರಿಗೆ ಕಿಂಡಿ ಹೆಚ್ಚು. ತೆಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಪಟ್ಟಿಗೆ ಹಾಕಬೇಕು. ಎರಡು ಆವೃತ್ತಿಗಳ ಕಾಲ ‘ಇದು ಹೋಗಲಿದೆ’ ಎಂಬ ಎಚ್ಚರಿಕೆ ಬರೆಯಬೇಕು. ಯಾರಾದರೂ ಬೇಕೆಂದರೆ ಯಾವ ಗ್ರಾಹಕನಿಗೆ, ಯಾತಕ್ಕೆ ಎಂದು ಬರೆದು ಕೊಡಬೇಕು. ಯಾರೂ ಬಾಯಿಬಿಡದಿದ್ದರೆ ಒಪ್ಪಿದಂತೆ.

ಅಣ್ಣನ ಯಂತ್ರ ಮಲಗಿದ್ದ ಕಡತದಲ್ಲಿ ಪ್ರಿಂಟರ್ ಪೋರ್ಟಿನ ಸೋಗೂ ಇತ್ತು. ಅದರ ಕೋಡ್ ಪಟ್ಟಿಗೆ ಬರದಂತೆ ನಾನು ಆರು ವರ್ಷ ಕಾದಿದ್ದೆ. ಪ್ರತಿ ಸಲವೂ ಅದರ ಮುಂದೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಮುಂದೂಡುತ್ತಿದ್ದೆ. ಹೊಸ ಮುಖ್ಯಸ್ಥರು ಬಂದ ಮೇಲೆ ಆ ಆಟ ನಡೆಯಲಿಲ್ಲ. ಅದರಲ್ಲೇ ಒಂದು ಕಿಂಡಿ ಪತ್ತೆಯಾಗಿತ್ತು.

“ಆರು ವರ್ಷದಿಂದ ಏನಮ್ಮಾ ಪರಿಶೀಲನೆ?” ಎಂದು ಸಭೆಯಲ್ಲಿ ಕೇಳಿದರು. “ಹೆಣ್ಣು ನೋಡೋದಕ್ಕೂ ಇಷ್ಟು ದಿನ ತಗೊಳ್ಳಲ್ಲ.”

ಎಲ್ಲರೂ ನಕ್ಕರು.

“ಯಾರಾದ್ರೂ ಬಳಸ್ತಿರಬಹುದು, ಸರ್,” ಎಂದೆ.

“ಯಾರು?”

ನನ್ನ ನಾಲಿಗೆಯ ತುದಿಗೆ ಬಂತು. ಒಂದು ಆಸ್ಪತ್ರೆ. ನಮ್ಮಣ್ಣ. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ, ಅವರು ನಮ್ಮ ಗ್ರಾಹಕರೇ? ಅಲ್ಲ. ಹಾಗಾದರೆ ತಂತ್ರಾಂಶ ಎಲ್ಲಿಂದ ಬಂತು? ಹನ್ನೊಂದು ವರ್ಷದ ಮಾತು. ನನ್ನ ಕೆಲಸ ಹೋದರೆ ಹೋಯಿತು ಎಂದುಕೊಳ್ಳುವಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ. ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತೆ.

“ಯಾರೂ ಇಲ್ಲ ಅಲ್ವಾ? ಹಾಗಾದ್ರೆ ಗುಡಿಸಿ.”

ಎರಡು ಆವೃತ್ತಿಗಳ ಎಚ್ಚರಿಕೆ ಮುಗಿದು ಗುಡಿಸುವುದಕ್ಕೆ ಕೂತಾಗ ಆ ಕೋಡಿನ ನಡುವೆ ಒಂದು ಟಿಪ್ಪಣಿ ಸಿಕ್ಕಿತು. ಮಲಗಿಸುವಾಗ ಪೋರ್ಟಿನ ಕಡೆಯಿಂದ ಎಂಟು ಬೈಟು ಬರೆದಿಡುವ ಸಾಲು. ಎಂಟು ಬೈಟೆಂದರೆ ಎಂಟು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಜಾಗ. ಅದರ ಪಕ್ಕದಲ್ಲಿ ಎಂದೋ ಕೆಲಸ ಬಿಟ್ಟು ಹೋದ ಯಾರೋ ಬರೆದಿದ್ದರು: ‘ಇದನ್ನು ಯಾರೂ ಓದುವುದಿಲ್ಲ. ಆದರೂ ತೆಗೆಯಬೇಡಿ. ಯಾಕೆ ಅಂತ ನನಗೂ ಗೊತ್ತಿಲ್ಲ.’

ಅದನ್ನು ಪಕ್ಕದ ಮೇಜಿನವನಿಗೆ ತೋರಿಸಿದೆ. ನಾನು ಬರೆದದ್ದನ್ನೆಲ್ಲ ಪರಿಶೀಲಿಸಿ ಒಪ್ಪಿಗೆ ಕೊಡುವವನು ಅವನು. ಯಾವ ತಪ್ಪನ್ನೂ ಬಿಡುವುದಿಲ್ಲವೆಂದು ಅವನನ್ನು ಜರಡಿ ಎನ್ನುತ್ತಿದ್ದೆವು.

“ಇಂಥ ಟಿಪ್ಪಣಿ ಬರೆದು ಹೋದೋರನ್ನ ಹುಡುಕಿ ಹೊಡೀಬೇಕು,” ಎಂದ ಜರಡಿ. “ಸರಿ, ಹಳೆಯ ನಿದ್ದೆ ಕಡತಗಳನ್ನ ಏನ್ ಮಾಡ್ತೀರಾ? ಅದರೊಳಗೆ ಈ ಪೋರ್ಟಿನ ಭಾಗ ಇರುತ್ತಲ್ಲ. ಹೊಸ ಆವೃತ್ತಿಗೆ ಅದು ಏನಂತಲೇ ಗೊತ್ತಾಗಲ್ಲ.”

“ಆ ಭಾಗವನ್ನ ದಾಟಿಕೊಂಡು ಮುಂದೆ ಹೋಗೋ ಹಾಗೆ ಬರೀತೀನಿ. ಯಂತ್ರ ಎದ್ದೇಳತ್ತೆ. ದಾಖಲೆಯಲ್ಲಿ ಒಂದು ಸಾಲು ಎಚ್ಚರಿಕೆ.”

“ಬೇಡ ಮೇಡಮ್. ಎಬ್ಬಿಸಲ್ಲ ಅಂತ ನೇರವಾಗಿ ಹೇಳಿಬಿಡಿ. ಗೊತ್ತಿಲ್ಲದ್ದನ್ನ ನುಂಗಿಕೊಂಡು ನಗ್ತಾ ಎದ್ದು ಬರೋ ಯಂತ್ರಕ್ಕಿಂತ ಏಳದೇ ಇರೋದು ವಾಸಿ.”

“ಏಳದೇ ಇದ್ರೆ ಬಳಸೋರ ಗತಿ?”

“ಎಬ್ಬಿಸಲ್ಲ ಅಂದ್ರೆ ಅವರು ಬಂದು ನಮ್ಮನ್ನ ಬೈತಾರೆ. ಬೈದ್ರೆ ನಮಗೆ ಗೊತ್ತಾಗುತ್ತೆ. ಅಷ್ಟೇ ತಾನೇ ಬೇಕಾಗಿರೋದು?”

ಅವನು ಹೇಳಿದ್ದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು. ಆದರೆ ಅವನು ‘ಬಳಸೋರು’ ಎಂದಾಗ ನನ್ನ ಕಣ್ಣಿಗೆ ಕಂಡದ್ದು ಒಬ್ಬನೇ. ಬೆಳಿಗ್ಗೆ ಒಂಬತ್ತಕ್ಕೆ ಕೀಲಿಮಣೆಯ ಮುಂದೆ ಕೂತು ‘ಏಳಮ್ಮಾ’ ಎನ್ನುವವನು. ಎಬ್ಬಿಸಲಾಗದು ಎಂದು ಪರದೆ ಹೇಳಿದರೆ ಆ ದಿನವೇ ಕೋಣೆಗೆ ಬೀಗ. ನಾನು ಹಟ ಹಿಡಿದೆ. ಹಳೆಯದಕ್ಕೆ ಹೊಂದಿಕೊಳ್ಳುವುದು ನಮ್ಮ ಧರ್ಮ, ಮಲಗಿಸಿದ್ದು ಏಳಲೇಬೇಕು, ಹಾಗೆ ಹೀಗೆ ಎಂದು ಎರಡು ದಿನ ವಾದಿಸಿದೆ. ಜರಡಿಗೆ ಸಾಕಾಯಿತು. “ಆಯ್ತು, ನಿಮ್ಮಿಷ್ಟ,” ಎಂದು ಒಪ್ಪಿಗೆ ಕೊಟ್ಟ. ಅವನ ಜರಡಿಯಿಂದ ಜಾರಿಹೋದ ಒಂದೇ ಒಂದು ತಪ್ಪು ನನ್ನದು. ಅದೂ ನಾನೇ ಕೈಹಾಕಿ ತೂರಿಸಿದ್ದು.

ಪರೀಕ್ಷೆ ಮಾಡದೆ ಬಿಡುವವಳಲ್ಲ ನಾನು. ಹೊಸ ಆವೃತ್ತಿ ಹೊರಬೀಳುವ ಮುಂಚೆಯೇ ಅಣ್ಣನ ಕೋಣೆಗೆ ಹೋಗಿ ಮಲಗಿದ್ದ ಯಂತ್ರದ ಒಂದು ಪ್ರತಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಮೂರು ಶನಿವಾರ ಅಲ್ಲೇ ಕೂತು, ಕೊರೆಯುವ ಯಂತ್ರವನ್ನು ಲ್ಯಾಪ್‌ಟಾಪಿಗೆ ಸೇರಿಸಿ ಹೊಸ ಆವೃತ್ತಿಯಲ್ಲಿ ಎಬ್ಬಿಸಿದೆ. ಎದ್ದಿತು. ಹನ್ನೆರಡು ಅಚ್ಚು ಕೊರೆದೆವು. ಮಲಗಿಸಿದೆ, ಮತ್ತೆ ಎಬ್ಬಿಸಿದೆ.

“ಈ ಪ್ರೋಗ್ರಾಮ್ ಬೀಗ ಕೇಳುತ್ತಾ ಯಾವತ್ತಾದ್ರೂ?” ಎಂದು ಅಣ್ಣನನ್ನು ಕೇಳಿದೆ.

“ಯಾವ ಬೀಗ? ಅದು ಹೋಳಾಗಿ ಹನ್ನೊಂದು ವರ್ಷ ಆಯ್ತಲ್ಲೇ. ಗಾಜಿನ ಲೋಟದಲ್ಲಿ ಹಾಕಿಟ್ಟಿದೀನಿ ನೋಡು, ಅಸ್ಥಿ ಥರ.”

ಅಂದರೆ ತೆರೆಯುವಾಗ ಮಾತ್ರ ಕೇಳುತ್ತದೆ, ನಾವು ತೆರೆಯುವುದೇ ಇಲ್ಲವಲ್ಲ ಎಂದುಕೊಂಡೆ.

ಆ ಪ್ರತಿಯನ್ನು ಅಳಿಸಿದೆ. ರೋಗಿಗಳ ಮಾಹಿತಿಯ ನಕಲು ಹೊರಗೆಲ್ಲೂ ಇರಕೂಡದು ಎಂಬ ಕಾಗದಕ್ಕೆ ಅಣ್ಣನಿಂದ ಆಸ್ಪತ್ರೆಯವರು ಸಹಿ ಹಾಕಿಸಿಕೊಂಡಿದ್ದರು. ಅವನ ಸಹಿ ನನ್ನಿಂದ ಸುಳ್ಳಾಗಬಾರದು ಎಂದು ಬರೀ ಅಳಿಸಲಿಲ್ಲ, ಆ ಜಾಗದ ಮೇಲೆ ಮೂರು ಸಲ ಸೊನ್ನೆ ಬರೆದೆ. ಅಳಿಸುವುದನ್ನೂ ನಾನು ಎಚ್ಚರಿಕೆಯಿಂದಲೇ ಮಾಡುತ್ತೇನೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಪ್ರತಿ ವಾರ ಎಲ್ಲದರ ನಕಲು ತೆಗೆಯುತ್ತದೆ ಎಂದು ಗೋಡೆಯ ಮೇಲೆ ಚೀಟಿ ಅಂಟಿಸಿದ್ದರು. ಅದನ್ನು ನಂಬಿದೆ.

ಆವೃತ್ತಿ ಹೊರಬಿದ್ದ ದಿನ ಮುಖ್ಯಸ್ಥರು ಬಿಳಿ ಹಲಗೆಯ ಮೇಲೆ ‘ತೆಗೆದ ಸಾಲುಗಳು: ನಲವತ್ತೊಂದು ಸಾವಿರ’ ಎಂದು ಬರೆದರು. ನನಗೆ ಚಪ್ಪಾಳೆ ತಟ್ಟಿದರು. ಯಾರೋ ಹಿಡಿಗೆ ರಿಬ್ಬನ್ ಕಟ್ಟಿದ ಪೊರಕೆಯೊಂದನ್ನು ನನ್ನ ಕುರ್ಚಿಗೆ ಒರಗಿಸಿದ್ದರು. ಮುಂದಿನ ಶನಿವಾರ ಹೋಗಿ ಅಣ್ಣನ ಯಂತ್ರಕ್ಕೆ ಅದೇ ಆವೃತ್ತಿ ಹಾಕಿ ಬಂದೆ. ಸಂಜೆ ಅವನು ಎಂದಿನಂತೆ ಮಲಗಿಸಿದ. ಹಳೆಯ ನಿದ್ದೆಯ ಮೇಲೆ ಹೊಸ ನಿದ್ದೆ ಬರೆಯಲೇ ಎಂದು ಪರದೆ ಕೇಳಿತು. ಅವನು ಎಂದಿನಂತೆ ಹೌದು ಎಂದ.

ಐದು ವಾರ ಏನೂ ಆಗಲಿಲ್ಲ. ಪ್ರತಿ ಸಂಜೆ ಫೋನ್ ಮಾಡಿ “ಸರಿ ಇದ್ಯಾ?” ಎಂದು ಕೇಳುತ್ತಿದ್ದೆ. “ನಾನಾ, ಅದಾ?” ಎಂದು ಅವನು ಕೇಳುತ್ತಿದ್ದ.

ಆರನೆಯ ವಾರ, ಬುಧವಾರ ಬೆಳಿಗ್ಗೆ ಅವನೇ ಫೋನ್ ಮಾಡಿದ. “ನಿನ್ನ ಯಂತ್ರ ಮುನಿಸಿಕೊಂಡಿದೆ ಕಣೇ. ಕೊರೆ ಅಂದೆ. ಸ್ವಲ್ಪ ಹೊತ್ತು ಕೂತುಕೊಳ್ತು, ಆಮೇಲೆ ಬಾಗಿಲು ಹಾಕ್ಕೊಂಡು ಹೋಗೇಬಿಡ್ತು.”

“ಮಲಗಿಸಬೇಡ! ಏನೂ ಮುಟ್ಟಬೇಡ!” ಎಂದು ಕೂಗಿದೆ. ಇಡೀ ಸಾಲಿನವರು ತಿರುಗಿ ನೋಡಿದರು.

ನಾನು ಹೋದಾಗ ಕೋಣೆಯಲ್ಲಿ ದರ್ಜಿ ಅಕ್ಕ ಕೂತಿದ್ದರು. ಮೊಣಕಾಲಿನ ಕೆಳಗೆ ಎಡಗಾಲು ಇಲ್ಲದ ಐವತ್ತೈದು ವರ್ಷದ ಹೆಂಗಸು. ಹೊಲಿಗೆ ಯಂತ್ರದ ಪೆಡಲನ್ನು ಬೇಕೆಂದೇ ಕೃತಕ ಕಾಲಿನಿಂದ ತುಳಿಯುತ್ತಿದ್ದರು. ‘ಈ ಕಾಲಿಗೆ ಸುಸ್ತು ಅನ್ನೋದೇ ಇಲ್ಲ’ ಎನ್ನುತ್ತಿದ್ದರು. ಅವರ ಸಾಕೆಟ್ ಸೀಳಿತ್ತು. ಅಂದು ಬೆಳಿಗ್ಗೆ ಅಣ್ಣ ಅಳತೆ ತೆಗೆದು, ಕೊರೆ ಎಂದದ್ದು ಅವರದನ್ನೇ.

“ನನ್ನ ಕಾಲು ನೋಡಿ ನಿಮ್ಮ ಯಂತ್ರ ಹೆದರಿಬಿಡ್ತು,” ಎಂದರು ದರ್ಜಿ ಅಕ್ಕ.

ಹಿಂದಿನ ಸಂಜೆಯ ನಿದ್ದೆಯಿಂದ ಮತ್ತೆ ಎಬ್ಬಿಸಿದೆ. ಎದ್ದಿತು. ಮುನ್ನೂರ ಹನ್ನೆರಡು ಹೆಸರೂ ಇದ್ದವು. ಅಳತೆ ಕೋಲೂ ನಡೆಯಿತು, ಆಕಾರ ಮೂಡಿತು. ಕೊರೆ ಎಂದ ಕೂಡಲೇ ಮರಳು ಗಡಿಯಾರದ ಗುರುತು ಬಂತು. ಆಮೇಲೆ ‘ಬೀಗ ಸಿಗಲಿಲ್ಲ’. ಆಮೇಲೆ ಪ್ರೋಗ್ರಾಮ್ ಮುಚ್ಚಿಕೊಂಡಿತು. ಒಂಬತ್ತು ಸಲ ಎಬ್ಬಿಸಿದೆ. ಒಂಬತ್ತು ಸಲವೂ ಅದೇ.

“ಈ ಮರಳು ಗಡಿಯಾರ ಮುಂಚೆ ಯಾವತ್ತಾದ್ರೂ ಬಂದಿತ್ತಾ?”

“ಬರ್ತಿತ್ತು. ನೂರು ಕೊರೆತಕ್ಕೊಂದು ಸಲ. ಆಗ ನಾನು ಹೋಗಿ ಟೀ ಕುಡ್ಕೊಂಡು ಬರ್ತಿದ್ದೆ.”

“ಅಣ್ಣಾ, ಇದನ್ನ ನನಗ್ಯಾಕೆ ಹೇಳ್ಲಿಲ್ಲ?”

“ಟೀ ಕುಡಿಯೋದನ್ನೂ ಹೇಳ್ಬೇಕಾ?”

ನನಗೆ ಆಗ ಅರ್ಥವಾಯಿತು. ಕಚೇರಿಗೆ ಮರಳಿ, ನಾನು ಅಳಿಸಿದ ಕೋಡನ್ನು ತೆರೆದು ನೋಡಿದೆ. ನಮ್ಮಲ್ಲಿ ಅಳಿಸಿದ ಕೋಡ್ ಸಾಯುವುದಿಲ್ಲ, ಹಳೆಯ ಪುಟಗಳಲ್ಲಿ ಇದ್ದೇ ಇರುತ್ತದೆ. ಯಾರೂ ಓದದ ಆ ಎಂಟು ಬೈಟು ಪೋರ್ಟಿಗೆ ಕೊನೆಯದಾಗಿ ಬಂದ ಉತ್ತರವನ್ನು ಹಿಡಿದಿಡುವ ಜಾಗವಾಗಿತ್ತು. ಅಣ್ಣ ಮೇಜಿನ ಕೆಳಗೆ ಎರಡೂ ಕೈಯಿಂದ ಒತ್ತಿ ಹಿಡಿದಾಗ ಬೀಗ ಕೊಟ್ಟ ಉತ್ತರ ಅದರಲ್ಲಿತ್ತು. ಪ್ರೋಗ್ರಾಮ್ ನೂರಕ್ಕೊಮ್ಮೆ ಕೇಳಿದಾಗಲೆಲ್ಲ, ಬೀಗವಿಲ್ಲದ ಪೋರ್ಟು ಅದೇ ಹಳೆಯ ಉತ್ತರವನ್ನು ತಿರುಗಿ ಒಪ್ಪಿಸುತ್ತಿತ್ತು. ಹನ್ನೊಂದು ವರ್ಷ ಸಂಜೆಯಿಂದ ಬೆಳಿಗ್ಗೆಗೆ ಆ ಎಂಟು ಬೈಟು ದಾಟುತ್ತಾ ಬಂದಿತ್ತು. ನನ್ನ ಆವೃತ್ತಿ ಅದನ್ನು ದಾಟಿಕೊಂಡು ಮುಂದೆ ಹೋಯಿತು. ಮೊದಲ ಸಂಜೆ ಮಲಗಿಸಿದಾಗಲೇ ಅದು ಇಲ್ಲವಾಗಿತ್ತು. ನೂರನೆಯ ಕೊರೆತ ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಏಳುವುದಿಲ್ಲ ಎಂದು ಅದು ಮೊದಲ ದಿನವೇ ಹೇಳಿದ್ದರೆ ಹಳೆಯ ನಿದ್ದೆ ಹಾಗೆಯೇ ಉಳಿದಿರುತ್ತಿತ್ತು.

ಜರಡಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎಂಟು ಬೈಟು ಊಹಿಸಿ ಹಾಕೋಣ ಅಂದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ, ಮೇಡಮ್,” ಎಂದ. ಆ ಉತ್ತರವನ್ನು ಪ್ರೋಗ್ರಾಮ್ ಎಲ್ಲಿಯಾದರೂ ಬರೆದಿಟ್ಟಿದೆಯೇ ಎಂದು ಎರಡು ದಿನ ಹುಡುಕಿದ. ಇರಲಿಲ್ಲ. ಗುಪ್ತಲಿಪಿಯಲ್ಲಿದ್ದ ಕೊರೆಯುವ ಅಪ್ಪಣೆಗಳನ್ನು ನೂರು ಕೊರೆತಕ್ಕೊಮ್ಮೆ ಬೀಗದ ಉತ್ತರದಿಂದಲೇ ಹೊಸದಾಗಿ ಬಿಡಿಸಬೇಕಿತ್ತು, ಹಾಗಾಗಿ ಬೀಗ ಕೇಳುವ ಸಾಲನ್ನು ಹಾರಿಸಿದರೂ ಯಂತ್ರ ಅಡ್ಡಾದಿಡ್ಡಿ ಕೊರೆಯುತ್ತಿತ್ತು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು, “ನಿದ್ದೆ ಕಡತವಾ? ನಾವು ನಕಲು ತೆಗೆಯೋ ಹಗಲು ಹೊತ್ತಲ್ಲಿ ಅದು ಯಾವಾಗಲೂ ತೆರೆದೇ ಇರುತ್ತಲ್ಲ, ತೆರೆದಿರೋದನ್ನ ನಾವು ನಕಲು ತೆಗೆಯಲ್ಲ,” ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಪದರ ಸೊನ್ನೆ ಮಾತ್ರ ಇತ್ತು.

ಕೊನೆಗೆ ಮುಖ್ಯಸ್ಥರ ಮುಂದೆ ನಿಂತು, ಮೊದಲ ದಿನ ಹೇಳಬೇಕಾಗಿದ್ದನ್ನು ಹೇಳಿದೆ. ನಮ್ಮಣ್ಣ, ಆಸ್ಪತ್ರೆ, ಮನೆ ಬಳಕೆಯ ಪ್ರತಿ.

“ಇದನ್ನ ಆವತ್ತೇ ಹೇಳಿದ್ರೆ ಒಂದು ಪತ್ರ ಬರೆಸಿಕೊಂಡು ಇಟ್ಟುಕೊಳ್ತಿದ್ವಲ್ಲಮ್ಮಾ,” ಎಂದರು. “ನಾನೇನು ಹುಲಿಯಾ?”

ನನ್ನ ಕೆಲಸ ಹೋಗಲಿಲ್ಲ. ಕಿಂಡಿ ಮುಚ್ಚಿ, ಪೋರ್ಟಿನ ಕೋಡನ್ನು ವಾಪಸ್ಸು ಸೇರಿಸಲು ಒಪ್ಪಿಗೆ ಸಿಕ್ಕಿತು. ಆ ಎಂಟು ಬೈಟಿನ ಜಾಗವನ್ನು ನಾನೇ ಮತ್ತೆ ಬರೆದೆ. ಜಾಗ ಸಿಕ್ಕಿತು. ಅದರಲ್ಲಿ ಇಡುವುದಕ್ಕೆ ಏನೂ ಇರಲಿಲ್ಲ.

ಅಣ್ಣನಿಗೆ ಹೇಳಲು ಶುಕ್ರವಾರ ಮಧ್ಯಾಹ್ನ ಹೋದೆ. ಅವನು ಹಳೆಯ ಸಾಕೆಟ್ಟುಗಳ ನಡುವೆ ಕೂತು ಡಬ್ಬಿ ಊಟ ಮಾಡುತ್ತಿದ್ದ. ತುತ್ತು ಬಾಯಿಗೆ ಹೋಗುವ ಮುಂಚೆ ಕೈಯಲ್ಲೇ ಎರಡು ಸಲ ನಡುಗಿತು.

“ಅದು ಕೆಟ್ಟಿದ್ದಲ್ಲ, ಅಣ್ಣಾ. ಅದನ್ನ ನಾನು ತೆಗೆದೆ.”

“ಏನನ್ನ?”

ಹೇಳಿದೆ. ಪಟ್ಟಿ, ಸಭೆ, ನೀರಿನ ಬಾಟಲಿಯ ಮುಚ್ಚಳ, ದಾಟಿಕೊಂಡು ಹೋಗುವಂತೆ ನಾನು ಬರೆದ ಸಾಲು, ಮೂರು ಸಲ ಬರೆದ ಸೊನ್ನೆ. ಅವನು ಡಬ್ಬಿಯ ಮುಚ್ಚಳ ಹಾಕಲು ನೋಡಿದ. ಅದು ಕೂರಲಿಲ್ಲ. ನಾನು ಹಾಕಿಕೊಟ್ಟೆ.

“ಪೊರಕೆ ಅಂತಾರೆ ಅಂದಿದ್ದೆ ಅಲ್ವಾ ನಿನ್ನನ್ನ,” ಎಂದ. “ಗುಡಿಸಿದ್ದು ನಮ್ಮ ಜಗುಲೀನೇ ಅಂತ ನಿನಗೇನು ಗೊತ್ತು.”

“ಬೈದುಬಿಡು.”

“ಬೈದ್ರೆ ಕೊರೆಯುತ್ತಾ?” ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದ. ಬಹಳ ಹೊತ್ತು ತೊಳೆದ. ತಿರುಗಿದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. “ಪರದೆ ಮೇಲೆ ಆಕಾರ ಕಾಣ್ಸುತ್ತಲ್ವಾ ಇನ್ನೂ? ಆ ಕ್ಯಾಲಿಪರ್ ಕೊಡು.”

ಹೀಗೆ ಶುರುವಾಯಿತು. ಆಡಳಿತಾಧಿಕಾರಿ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದರು. ನಾನು ರಜೆ ಹಾಕಿದೆ. ಬೆಳಿಗ್ಗೆ ಯಂತ್ರವನ್ನು ಎಬ್ಬಿಸಿ, ದರ್ಜಿ ಅಕ್ಕನ ಕಾಲಿನ ಸುತ್ತ ಅಳತೆ ಕೋಲು ಆಡಿಸಿ, ಪರದೆಯ ಗಾಜಿನ ಮೇಲೆ ಕ್ಯಾಲಿಪರಿನ ಎರಡು ಕವಲನ್ನು ಇಟ್ಟು ಆ ಆಕಾರದ ಅಗಲವನ್ನು ಬೆರಳಗಲಕ್ಕೊಂದರಂತೆ ಅಳೆದೆವು. ಕ್ಯಾಲಿಪರ್ ಹಿಡಿಯುವುದು ನಾನು, ಎಲ್ಲಿ ಹಿಡಿಯಬೇಕೆಂದು ಹೇಳುವುದು ಅವನು. “ಇನ್ನೂ ಒಂಚೂರು ಕೆಳಗೆ. ಅಲ್ಲಿ ಮೂಳೆ ಇದೆ. ಅಯ್ಯೋ, ಅದು ಗಾಜು ಕಣೇ, ಅಷ್ಟು ಮೆತ್ತಗೆ ಮುಟ್ಟಬೇಡ, ಅದಕ್ಕೇನೂ ನೋಯಲ್ಲ.” ಸಂಖ್ಯೆಗಳನ್ನು ಕಾಗದಕ್ಕೆ ಬರೆದುಕೊಂಡು ಅದರಂತೆ ಫೋಮನ್ನು ನಾನು ಅರದಿಂದ ಉಜ್ಜಿದೆ. ಜೀವಮಾನದಲ್ಲಿ ಒಂದು ಪೆನ್ಸಿಲನ್ನೂ ಸರಿಯಾಗಿ ಚೂಪು ಮಾಡಿದವಳಲ್ಲ. ಅಣ್ಣ ಕಣ್ಣು ಮುಚ್ಚಿ ಅಚ್ಚಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಅವನ ಕೈಗೆ ಎಲ್ಲವೂ ಗೊತ್ತಾಗುತ್ತಿತ್ತು, ಮಾಡಲು ಮಾತ್ರ ಬರುತ್ತಿರಲಿಲ್ಲ.

“ಇಲ್ಲಿ ಉಬ್ಬಿದೆ. ಇಲ್ಲಿ ತಗ್ಗು.” ನಾನು ಉಬ್ಬನ್ನು ಉಜ್ಜಿದರೆ ಅದು ತಗ್ಗಾಗುತ್ತಿತ್ತು. ಐದು ದಿಮ್ಮಿ ಹಾಳು ಮಾಡಿದೆ. ಆರನೆಯದ್ದಕ್ಕೆ ಅವನು “ನಡೆಯುತ್ತೆ” ಎಂದ. ಆ ದನಿ ನನಗೆ ಗೊತ್ತು. ಚಿಕ್ಕವಳಿದ್ದಾಗ ನಾನು ಬರೆದ ಚಿತ್ರಗಳಿಗೂ ಹಾಗೆಯೇ ಹೇಳುತ್ತಿದ್ದ.

ದರ್ಜಿ ಅಕ್ಕ ಹಾಕಿಕೊಂಡು ನಿಂತರು. ಗೋಡೆಯ ಪಕ್ಕದ ಕಂಬಿ ಹಿಡಿದು ಆ ತುದಿಗೆ ಹೋಗಿ ಬಂದರು.

“ಚೆನ್ನಾಗಿದೆ, ಮೇಷ್ಟ್ರೇ.”

“ನಿಜ ಹೇಳಿ.”

“ಚೆನ್ನಾಗಿದೆ ಅಂದ್ನಲ್ಲ.” ಮೇಲುತುಟಿಯ ಮೇಲೆ ಬೆವರು ಕಟ್ಟಿತ್ತು.

ನಾಲ್ಕು ದಿನಕ್ಕೆ ಅವರು ಊರುಗೋಲಿನಲ್ಲಿ ಬಂದರು. ಸಾಕೆಟ್ ಬಟ್ಟೆಯ ಚೀಲದಲ್ಲಿತ್ತು. ಅದರೊಳಗೆ ಮೂರು ಕಡೆ ಹತ್ತಿ ತುಂಬಿ, ಅಚ್ಚುಕಟ್ಟಾಗಿ ಹೊಲಿದ ಪುಟ್ಟ ದಿಂಬುಗಳನ್ನು ಅಂಟಿಸಿದ್ದರು. ಒಂದರ ಮೇಲೆ ರಕ್ತದ ಕಲೆ ಒಣಗಿತ್ತು.

“ನಾನು ಎಷ್ಟೋ ರವಿಕೆ ಬಿಚ್ಚಿ ಹೊಲಿದಿದೀನಿ,” ಎಂದರು. “ಇದನ್ನ ಬಿಚ್ಚೋಕಾಗಲ್ಲ. ತಪ್ಪು ತಿಳ್ಕೋಬೇಡಿ.” ಆಮೇಲೆ ನನ್ನ ಕಡೆ ತಿರುಗಿ, “ನೀನು ಅಳಬೇಡಮ್ಮಾ. ಹೊಲಿಗೆ ಯಂತ್ರಕ್ಕೆ ಬಲಗಾಲೂ ಆಗುತ್ತೆ,” ಎಂದರು. ಅವರು ಹೋಗುವಾಗ ಊರುಗೋಲಿನ ಸದ್ದು ಲಾಂಡ್ರಿಯ ಸದ್ದಿನಲ್ಲಿ ಸೇರಿಹೋಗುವವರೆಗೆ ಅಣ್ಣ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಕ್ಯಾಲಿಪರನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದ. ಮುಂದಿನವರಿಗೆ ಹೇಳಿ ಕಳಿಸಲಿಲ್ಲ.

ತಿಂಗಳ ಕೊನೆಯ ದಿನ ಆಡಳಿತಾಧಿಕಾರಿ ಕಡೆಯವರು ಬೀಗ ಹಿಡಿದು ಹೊರಗೆ ಕಾಯುತ್ತಿದ್ದರು. ಲಾಂಡ್ರಿಯವನು ಸಾಮಾನು ಎತ್ತಲು ಬಂದಿದ್ದ. ಅಣ್ಣ ಲೋಟದಿಂದ ಬೀಗದ ಎರಡು ಹೋಳುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಪರದೆಯ ಮೇಲೆ ದರ್ಜಿ ಅಕ್ಕನ ಕಾಲು ನಿಧಾನವಾಗಿ ತಿರುಗುತ್ತಿತ್ತು.

“ಮಲಗಿಸಿಬಿಡು,” ಎಂದ.

“ಆರಿಸಿದ್ರೂ ಒಂದೇ, ಮಲಗಿಸಿದ್ರೂ ಒಂದೇ, ಅಣ್ಣಾ.”

“ಗೊತ್ತು. ಮಲಗಿಸು.”

ಮಲಗಿಸಿದೆ. ಹಳೆಯ ನಿದ್ದೆಯ ಮೇಲೆ ಹೊಸ ನಿದ್ದೆ ಬರೆಯಲೇ ಎಂದು ಪರದೆ ಕೇಳಿತು. ಇದೇ ಮೊದಲ ಸಲ ಬೇಡ ಎಂದೆ. ಬೇರೆ ಹೆಸರು ಕೊಟ್ಟೆ. ಅವನು ಬಾಗಿಲ ಕಡೆ ತಿರುಗಿದ್ದಾಗ ಮುನ್ನೂರ ಹನ್ನೆರಡು ಜನರ ಕಾಲಿದ್ದ ಆ ಕಡತದ ನಕಲನ್ನು ಪೆನ್ ಡ್ರೈವಿಗೆ ಹಾಕಿ ಚೀಲದ ತಳಕ್ಕೆ ಸೇರಿಸಿದೆ. ಗೇಟಿನಲ್ಲಿ ಕಾವಲಿನವನು ಮುಂದೆ ಬಂದು, “ಚೀಲ ತೋರಿಸಿ, ಅಮ್ಮಾ,” ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ. ತೆರೆದು ತೋರಿಸಿದೆ. ಎದೆ ಹೊಡೆದುಕೊಳ್ಳಲಿಲ್ಲ. ಅವನು ಒಳಗೆ ಇಣುಕಿ, ಏನೂ ಇಲ್ಲ, ಹೋಗಿ ಎಂಬಂತೆ ಕೈ ಬೀಸಿದ.